ಮುಖದ ಜೊತೆ ಮನಸ್ಸನ್ನೂ ಬರೆದ ರಾಜಾ ರವಿವರ್ಮ

ನಮ್ಮ ಮನೆಯ ಗೋಡೆಯ ಮೇಲೆ ಮನುಷ್ಯರ ಚಿತ್ರಗಳಿಲ್ಲ. ಹಜಾರದಲ್ಲಿ ಆಯತುಲ್ ಕುರ್ಸಿಯ ಒಂದು ಫ್ರೇಮು, ಪಕ್ಕದಲ್ಲಿ ಮಕ್ಕಾದ ಒಂದು ಚಿತ್ರ, ಅಡುಗೆಮನೆಯ ಬಾಗಿಲ ಬಳಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್, ಅಷ್ಟೇ. ಮುಖಗಳನ್ನು ಗೋಡೆಗೆ ತೂಗುಹಾಕುವುದು ನಮ್ಮ ದಾದಿಗೆ ಇಷ್ಟವಿಲ್ಲ. ಹಾಗಾಗಿ ನಾನು ಹುಟ್ಟುವ ಮೊದಲೇ ತೀರಿಕೊಂಡ ನನ್ನ ದಾದಾ ಹೇಗಿದ್ದರು ಎಂದು ತಿಳಿಯಲು ನನಗಿರುವುದು ಒಂದೇ ಒಂದು ಫೋಟೋ. ಅದು ಅವರ ಹಳೆಯ ಗುರುತಿನ ಚೀಟಿಯ ಮೇಲಿರುವ, ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಬಿಳುಪು ಫೋಟೋ. ಅದರಲ್ಲಿ ಅವರು ಹುಬ್ಬು ಗಂಟಿಕ್ಕಿ, ಯಾರೋ ಗದರಿಸಿದಂತೆ ನೆಟ್ಟಗೆ ನೋಡುತ್ತಿದ್ದಾರೆ. ನಮ್ಮ ದಾದಾ ಬಹಳ ಸಿಡುಕಿನ ಮನುಷ್ಯ ಎಂದೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ.

ಈ ವಿಷಯ ಇಲ್ಲಿ ಬರೆಯಲು ಕಾರಣವಿದೆ. ಕಳೆದ ವರ್ಷ ಕಾಲೇಜಿನಿಂದ ಮೈಸೂರಿಗೆ ಪ್ರವಾಸ ಹೋಗಿದ್ದೆವು. ನಮ್ಮೆಲ್ಲರ ಗಮನ ಮೃಗಾಲಯ ಮತ್ತು ಬೃಂದಾವನದ ಮೇಲಿತ್ತು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗೋಣ ಎಂದು ಉಪನ್ಯಾಸಕರು ಹೇಳಿದಾಗ ಬಸ್ಸಿನ ಹಿಂದಿನ ಸೀಟುಗಳಿಂದ ನಿಟ್ಟುಸಿರು ಕೇಳಿಸಿತ್ತು. ಅದರಲ್ಲಿ ನನ್ನದೂ ಒಂದು. ಆದರೆ ಅಲ್ಲಿ ನಾನು ಒಂದು ಚಿತ್ರದ ಮುಂದೆ ನಿಂತವನು ಸ್ನೇಹಿತರು ಬಂದು ಕೈಹಿಡಿದು ಎಳೆಯುವವರೆಗೂ ಕದಲಲಿಲ್ಲ. ಹನ್ನೊಂದು ಮಂದಿ ಹೆಂಗಸರು ಒಟ್ಟಿಗೆ ಇರುವ ದೊಡ್ಡ ಚಿತ್ರ ಅದು. ಬರೆದವರು ರಾಜಾ ರವಿವರ್ಮ. ಊರಿಗೆ ಬಂದ ಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಅವರದು ರಾಜಮನೆತನದ ಜೊತೆ ಸಂಬಂಧ ಬೆಳೆಸಿದ ದೊಡ್ಡ ಮನೆತನ. ಬಾಲಕ ರವಿವರ್ಮ ಇದ್ದಿಲು ತೆಗೆದುಕೊಂಡು ಮನೆಯ ಸುಣ್ಣದ ಗೋಡೆಗಳ ಮೇಲೆ ಪ್ರಾಣಿಗಳನ್ನೂ ಮನುಷ್ಯರನ್ನೂ ಬರೆಯುತ್ತಿದ್ದನಂತೆ. ಗೋಡೆ ಹಾಳು ಮಾಡಿದ್ದಕ್ಕೆ ಬೈಗುಳ ಬೀಳುವುದು ಸಹಜ. ಆದರೆ ಅವನ ಸೋದರಮಾವ ರಾಜರಾಜ ವರ್ಮ ಸ್ವತಃ ಚಿತ್ರ ಬರೆಯುವವರಾಗಿದ್ದರು. ಅವರು ಹುಡುಗನನ್ನು ಬೈಯುವ ಬದಲು ಪಾಠ ಶುರುಮಾಡಿದರು. 14ನೇ ವಯಸ್ಸಿನಲ್ಲಿ ಅವನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋಗಿ ಮಹಾರಾಜ ಆಯಿಲ್ಯಂ ತಿರುನಾಳರ ಮುಂದೆ ನಿಲ್ಲಿಸಿದರು. ಮಹಾರಾಜರು ಅವನಿಗೆ ಅರಮನೆಯ ಆಶ್ರಯ ಕೊಟ್ಟರು.

ಇಲ್ಲಿಂದ ಮುಂದಿನ ಭಾಗ ನನಗೆ ಬಹಳ ಇಷ್ಟವಾದದ್ದು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ತೈಲವರ್ಣ, ಅಂದರೆ ಎಣ್ಣೆಯಲ್ಲಿ ಕಲಸಿದ ಬಣ್ಣ, ಹೊಸದು. ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯ್ಡು ಅವರಿಗೆ ಅದು ಗೊತ್ತಿತ್ತು. ಆದರೆ ಈ ಹುಡುಗ ಮುಂದೆ ತನಗೆ ಪೈಪೋಟಿಯಾಗುತ್ತಾನೆ ಎಂದು ತೈಲವರ್ಣದ ಗುಟ್ಟನ್ನು ಹೇಳಿಕೊಡಲಿಲ್ಲ. ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇದನ್ನು ವ್ಯಾಪಾರದ ಗುಟ್ಟು ಎನ್ನುತ್ತೇವೆ. ಆಗ ಅವರ ಶಿಷ್ಯ ಆರುಮುಗಂ ಪಿಳ್ಳೈ ರಾತ್ರಿ ಹೊತ್ತು ಗುಟ್ಟಾಗಿ ಬಂದು ರವಿವರ್ಮನಿಗೆ ಬಣ್ಣ ಕಲಸುವುದನ್ನು ತೋರಿಸಿಕೊಟ್ಟರು. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಭಾವಚಿತ್ರಕಾರರು ಮಹಾರಾಜರ ಚಿತ್ರ ಬರೆಯಲು ಅರಮನೆಗೆ ಬಂದರು. ಅವರೂ ಕಲಿಸಲು ಒಪ್ಪಲಿಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾನು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ರವಿವರ್ಮರಿಗೆ ಅಷ್ಟೇ ಸಾಕಾಯಿತು. ನೋಡಿ ನೋಡಿ ಕಲಿತರು. ಉಳಿದದ್ದನ್ನು ಮನೆಗೆ ಬಂದು ತಪ್ಪು ಮಾಡಿ ಕಲಿತರು. ಶಾಲೆಯಿಲ್ಲದೆ, ಸರಿಯಾದ ಗುರುವಿಲ್ಲದೆ, ಕೇವಲ ಗಮನಿಸುವುದರಿಂದ ಇಷ್ಟು ಕಲಿಯಬಹುದೇ ಎಂದು ಆಶ್ಚರ್ಯವಾಗುತ್ತದೆ. ಮುಂದೆ ಜನರ ಮುಖಗಳನ್ನು ಓದುವ ಶಕ್ತಿ ಅವರಿಗೆ ಬಂದದ್ದು ಬಹುಶಃ ಹೀಗೆ ಮೌನವಾಗಿ ನಿಂತು ನೋಡಿದ ದಿನಗಳಿಂದಲೇ ಇರಬೇಕು.

ತೈಲವರ್ಣಕ್ಕೆ ಅಷ್ಟೊಂದು ಬೆಲೆ ಯಾಕೆ ಎಂಬ ಪ್ರಶ್ನೆ ನನಗೂ ಬಂದಿತ್ತು. ನೀರಿನ ಬಣ್ಣ ಬೇಗ ಒಣಗುತ್ತದೆ. ಎಣ್ಣೆಯ ಬಣ್ಣ ಒಣಗಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಒಂದು ಬಣ್ಣವನ್ನು ಇನ್ನೊಂದರೊಳಗೆ ನಿಧಾನವಾಗಿ ಬೆರೆಸಬಹುದು. ಕೆನ್ನೆಯ ಮೇಲೆ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂತೆ ಬರೆಯಬಹುದು. ಅದೇ ಕಾಲದ ತಂಜಾವೂರು ಮತ್ತು ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ಹಾಳೆ, ಗಾಢವಾದ ಬಣ್ಣ ಮತ್ತು ಸ್ಪಷ್ಟವಾದ ಗೆರೆ ಮುಖ್ಯ. ಅವು ಬಹಳ ಸುಂದರ. ಆದರೆ ಅವು ದೇವರ ಮಹಿಮೆ ತೋರಿಸಲು ಬರೆದವು. ಒಬ್ಬ ಸಾಮಾನ್ಯ ಮನುಷ್ಯನ ಆ ದಿನದ ಬೇಸರವನ್ನೋ ಆಯಾಸವನ್ನೋ ತೋರಿಸುವುದು ಅವುಗಳ ಕೆಲಸವಲ್ಲ. ಮನಸ್ಸಿನ ಭಾವ ಮುಖದಲ್ಲಿ ಗೆರೆಯಾಗಿ ಬರುವುದಕ್ಕಿಂತ ಹೆಚ್ಚಾಗಿ ನೆರಳಾಗಿ ಬರುತ್ತದೆ. ಕಣ್ಣಿನ ಕೆಳಗೆ, ತುಟಿಯ ಅಂಚಿನಲ್ಲಿ, ಹುಬ್ಬಿನ ನಡುವೆ. ಆ ನೆರಳನ್ನು ಹಿಡಿಯಲು ನಿಧಾನವಾಗಿ ಒಣಗುವ ಬಣ್ಣ ಬೇಕಿತ್ತು.

1870ರಲ್ಲಿ ರವಿವರ್ಮರು ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ ಬಂದರು. ನಮ್ಮ ಘಟ್ಟ ಇಳಿದು ಕರಾವಳಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಅದೇ ಕೊಲ್ಲೂರು. ಅಲ್ಲಿಂದ ಹಿಂತಿರುಗುವಾಗ ಕೋಳಿಕ್ಕೋಡಿನಲ್ಲಿ ಒಬ್ಬ ಸಬ್ ಜಡ್ಜ್ ಅವರ ಕುಟುಂಬದ ಚಿತ್ರ ಬರೆದುಕೊಟ್ಟರು. ಹಣ ಪಡೆದು ಬರೆದ ಮೊದಲ ಭಾವಚಿತ್ರ ಅದು. ಅರಮನೆಗೆ ಸಂಬಂಧಪಟ್ಟ ಮನೆತನದವರು ಕೂಲಿಗೆ ಕೆಲಸ ಮಾಡಿದಂತೆ ಹಣಕ್ಕೆ ಚಿತ್ರ ಬರೆಯುವುದು ಆಗ ಗೌರವದ ವಿಷಯವಾಗಿರಲಿಲ್ಲ. ಆದರೂ ಅವರು ಅದನ್ನೇ ಜೀವನದ ವೃತ್ತಿ ಮಾಡಿಕೊಂಡರು. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ, ತಲೆಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಣ್ಣುಮಗಳ ಚಿತ್ರಕ್ಕೆ ಚಿನ್ನದ ಪದಕ ಬಂತು. ಅದೇ ವರ್ಷ ವಿಯೆನ್ನಾದ ಪ್ರದರ್ಶನದಲ್ಲೂ ಬಹುಮಾನ ಸಿಕ್ಕಿತು. ಆಗ ಅವರ ವಯಸ್ಸು 25.

ಮದರಾಸಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಅವರ ಚಿತ್ರವನ್ನು 1878ರಲ್ಲಿ ಬರೆದರು. ಅದಕ್ಕೂ ಮುಂಚೆ ಯುರೋಪಿನ ಒಬ್ಬ ಕಲಾವಿದನ ಮುಂದೆ ಆ ಡ್ಯೂಕ್ ಹಲವಾರು ಬಾರಿ ಕುಳಿತಿದ್ದರಂತೆ. ರವಿವರ್ಮರು ತೀರಾ ಕಡಿಮೆ ಸಮಯದಲ್ಲಿ ತೆಗೆದ ಹೋಲಿಕೆಯ ಅರ್ಧದಷ್ಟೂ ಆತನಿಗೆ ಸಿಕ್ಕಿರಲಿಲ್ಲ ಎಂದು ಡ್ಯೂಕ್ ಮೆಚ್ಚಿಕೊಂಡರಂತೆ. ಭಾವಚಿತ್ರಕ್ಕಾಗಿ ಕುಳಿತುಕೊಳ್ಳುವುದು ಸುಲಭವಲ್ಲ. ಮೊದಲ ಸ್ವಲ್ಪ ಹೊತ್ತು ಎಲ್ಲರೂ ಎದೆ ಉಬ್ಬಿಸಿ, ತಾವು ಹೇಗೆ ಕಾಣಬೇಕೋ ಹಾಗೆ ಕುಳಿತಿರುತ್ತಾರೆ. ಗಂಟೆ ಕಳೆದ ಮೇಲೆ ಭುಜ ಇಳಿಯುತ್ತದೆ, ಕೈ ತನ್ನ ರೂಢಿಯ ಜಾಗಕ್ಕೆ ಹೋಗುತ್ತದೆ, ಕಣ್ಣು ಯಾವುದೋ ಯೋಚನೆಯಲ್ಲಿ ಮುಳುಗುತ್ತದೆ. ಒಳ್ಳೆಯ ಚಿತ್ರಕಾರ ಈ ಎರಡನ್ನೂ ನೋಡುತ್ತಾನೆ. ಬಟ್ಟೆ, ಪೇಟ, ಪದಕ, ಆಭರಣಗಳಲ್ಲಿ ಮನುಷ್ಯನ ಸ್ಥಾನವನ್ನು ಬರೆಯುತ್ತಾನೆ. ಕಣ್ಣು, ತುಟಿ, ಬೆರಳುಗಳಲ್ಲಿ ಆತನ ಸ್ವಭಾವವನ್ನು ಬರೆಯುತ್ತಾನೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಆಸ್ತಿ ಇದೆಯಲ್ಲ, ಅದನ್ನು ಮುಟ್ಟಲಾಗುವುದಿಲ್ಲ, ಆದರೆ ಅಂಗಡಿಯ ನಿಜವಾದ ಬೆಲೆ ಅದರಲ್ಲಿರುತ್ತದೆ. ಭಾವಚಿತ್ರದಲ್ಲಿ ಸ್ವಭಾವವೂ ಹಾಗೆಯೇ.

1881ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಅಧಿಕಾರ ವಹಿಸಿಕೊಂಡಾಗ ರವಿವರ್ಮರಿಗೆ ಅಲ್ಲಿಂದ ಕರೆ ಬಂತು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಕರೆಸಿಕೊಂಡು ರಾಜಮನೆತನದವರ ಭಾವಚಿತ್ರಗಳನ್ನು ಬರೆಸಿದರು. ಈ ಪ್ರಯಾಣಗಳಲ್ಲಿ ಅವರ ಜೊತೆಗಿದ್ದವರು ತಮ್ಮ ಸಿ. ರಾಜರಾಜ ವರ್ಮ. ತಮ್ಮನೂ ನುರಿತ ಚಿತ್ರಕಾರ, ಪ್ರಕೃತಿ ದೃಶ್ಯಗಳನ್ನು ಬರೆಯುವುದರಲ್ಲಿ ಹೆಸರಾದವರು. ಅಣ್ಣನ ಎಷ್ಟೋ ಚಿತ್ರಗಳಲ್ಲಿ ಅವರ ಕೈಯೂ ಇದೆ. ಇಬ್ಬರೂ ರೈಲಿನಲ್ಲಿ ದೇಶವೆಲ್ಲ ಸುತ್ತಿ ಬೇರೆ ಬೇರೆ ಕಡೆಯ ಜನರ ಉಡುಗೆ, ನಿಲುವು, ಮುಖಗಳನ್ನು ನೋಡಿಕೊಂಡು ಬಂದರು.

ನಾನು ಜಗನ್ಮೋಹನ ಅರಮನೆಯಲ್ಲಿ ನೋಡಿದ ಚಿತ್ರ ಮೈಸೂರಿನ ಮಹಾರಾಜರಿಗಾಗಿ ಸುಮಾರು 1889ರಲ್ಲಿ ಬರೆದದ್ದು. ಅದನ್ನು ಸಂಗೀತಗಾರ್ತಿಯರ ಸಮೂಹ ಎಂದು ಕರೆಯಬಹುದು. ಭಾರತದ ಬೇರೆ ಬೇರೆ ಪ್ರಾಂತ್ಯ ಮತ್ತು ಸಮುದಾಯದ ಹೆಂಗಸರು ಒಂದೇ ಕಡೆ ಸೇರಿದ್ದಾರೆ. ವೀಣೆ ಹಿಡಿದ ನಾಯರ್ ಹೆಣ್ಣುಮಗಳಿದ್ದಾಳೆ. ಕಸೂತಿಯ ಉಡುಪಿನ ಮುಸ್ಲಿಂ ಹೆಣ್ಣುಮಗಳಿದ್ದಾಳೆ. ಯುರೋಪಿನ ರೀತಿಯ ಟೊಪ್ಪಿ ಹಾಕಿದವಳೂ ಇದ್ದಾಳೆ. ಮೊದಲ ನೋಟಕ್ಕೆ ಇದು ನಮ್ಮ ಕಾಲೇಜಿನ ರಾಷ್ಟ್ರೀಯ ಐಕ್ಯತಾ ದಿನದ ಗ್ರೂಪ್ ಫೋಟೋದ ಹಾಗೆ ಕಾಣುತ್ತದೆ. ಯಾರು ಯಾವ ಕಡೆಯವರು ಎಂದು ಬಟ್ಟೆಯಿಂದಲೇ ಗೊತ್ತಾಗುತ್ತದೆ. ಆದರೆ ಸ್ವಲ್ಪ ಹೊತ್ತು ನಿಂತರೆ ಬೇರೆಯದೇ ಕಾಣಿಸುತ್ತದೆ. ಸಂಗೀತ ಕೂಟವಾದರೂ ಯಾರ ಮುಖದಲ್ಲೂ ಹಬ್ಬದ ಕಳೆ ಇಲ್ಲ. ಒಬ್ಬರ ಕಣ್ಣು ಇನ್ನೊಬ್ಬರನ್ನು ನೋಡುತ್ತಿರುವುದು ಅಪರೂಪ. ಒಬ್ಬೊಬ್ಬರೂ ತಮ್ಮೊಳಗೆ ಏನನ್ನೋ ಯೋಚಿಸುತ್ತಿದ್ದಾರೆ. ಬಟ್ಟೆ ಅವರ ಸಮುದಾಯವನ್ನು ಹೇಳುತ್ತದೆ, ಕಣ್ಣು ಆ ಒಬ್ಬ ಹೆಂಗಸಿನದನ್ನು ಮಾತ್ರ ಹೇಳುತ್ತದೆ. ಅದರಲ್ಲೂ ಆ ಮುಸ್ಲಿಂ ಹೆಣ್ಣುಮಗಳ ಮುಖ ನೋಡಿದಾಗ ನಮ್ಮ ಮನೆಯ ಮದುವೆಗಳಲ್ಲಿ ಎಲ್ಲರ ನಡುವೆ ಕುಳಿತೂ ಎಲ್ಲೋ ಇರುವ ಒಬ್ಬ ಅತ್ತೆಯ ನೆನಪಾಯಿತು. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ, ಹೆಸರೂ ಗೊತ್ತಿಲ್ಲದ ಹೆಂಗಸಿನ ಬೇಸರ ನನಗೆ ಅರ್ಥವಾಯಿತು. ನನ್ನ ಸ್ವಂತ ದಾದಾ ಫೋಟೋದಿಂದ ನನಗೆ ಏನೂ ಅರ್ಥವಾಗಿರಲಿಲ್ಲವಲ್ಲ ಎಂದು ಆಗಲೇ ಮೊದಲ ಸಲ ಅನ್ನಿಸಿತು.

ಅದೇ ದಿನ ಇನ್ನೊಂದು ತಪ್ಪನ್ನೂ ತಿದ್ದಿಕೊಂಡೆ. ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದ ಹೆಣ್ಣುಮಗಳ ಪ್ರಸಿದ್ಧ ಚಿತ್ರ ಅಲ್ಲಿದೆ. ಅದೂ ರವಿವರ್ಮರದೇ ಎಂದು ನಾನು ಸ್ನೇಹಿತರಿಗೆ ಜೋರಾಗಿ ವಿವರಿಸುತ್ತಿದ್ದೆ. ಉಪನ್ಯಾಸಕರು ನಗುತ್ತ ತಿದ್ದಿದರು. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದನ್‌ಕರ್, ರವಿವರ್ಮರು ತೀರಿಕೊಂಡ ಸುಮಾರು 40 ವರ್ಷಗಳ ನಂತರ. ಅದು ತೈಲವರ್ಣವಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅವರು ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಮಗಳ ಮುಖದ ಮೇಲೆ ಬಿದ್ದ ಆ ಬೆಳಕಿನಲ್ಲಿ ತಂದೆಯ ಪ್ರೀತಿ ಕಾಣುತ್ತದೆ. ನೋಡುವವನಿಗೂ ಕುಳಿತವರಿಗೂ ಇರುವ ಸಂಬಂಧವೂ ಚಿತ್ರದೊಳಗೆ ಬಂದುಬಿಡುತ್ತದೆ.

ರವಿವರ್ಮರ ಚಿತ್ರಗಳಲ್ಲೂ ಇದಕ್ಕೆ ಉದಾಹರಣೆಯಿದೆ. 1893ರಲ್ಲಿ ಅವರು ತಮ್ಮ ಮಗಳು ಮಹಾಪ್ರಭಾ ಮಗುವನ್ನು ಎತ್ತಿಕೊಂಡು ನಿಂತಿರುವ ಚಿತ್ರ ಬರೆದರು. ಅಪ್ಪ ಬರುತ್ತಿದ್ದಾರೆ ಎಂಬ ಅರ್ಥದ ಹೆಸರು ಅದಕ್ಕೆ. ತಾಯಿ ಮಗುವಿಗೆ ದೂರಕ್ಕೆ ಕೈ ತೋರಿಸುತ್ತಿದ್ದಾಳೆ. ಪಕ್ಕದಲ್ಲಿ ನಾಯಿ ಇದೆ. ಆದರೆ ಅಪ್ಪ ಮಾತ್ರ ಚಿತ್ರದಲ್ಲಿಲ್ಲ. ಮಗಳ ಮುಖದಲ್ಲಿರುವ ಕಾಯುವಿಕೆಯಿಂದಲೇ ಬರುತ್ತಿರುವವನನ್ನು ನಾವು ಊಹಿಸಿಕೊಳ್ಳಬೇಕು. ಇದಕ್ಕೆ ಎರಡು ವರ್ಷ ಮೊದಲು, 1891ರಲ್ಲಿ, ರವಿವರ್ಮರ ಪತ್ನಿ ಭಾಗೀರಥಿ ಬಾಯಿ ತೀರಿಕೊಂಡಿದ್ದರು. ವರ್ಷದ ಬಹುಪಾಲು ಊರೂರು ಸುತ್ತುತ್ತಿದ್ದ ಮನುಷ್ಯ ಅವರು. ಮನೆಯಲ್ಲಿ ಕಾಯುವವರ ಮುಖ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿದ್ದಿರಬೇಕು. 1893ರಲ್ಲೇ ಅಮೆರಿಕದ ಷಿಕಾಗೊದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಅವರ 10 ಚಿತ್ರಗಳು ಹೋಗಿ ಪದಕ ಗಳಿಸಿದವು.

ಇನ್ನು ವಾಣಿಜ್ಯದ ವಿಷಯಕ್ಕೆ ಬರೋಣ. ತೈಲಚಿತ್ರ ಒಂದೇ ಒಂದು ಪ್ರತಿ. ಅದು ಅರಮನೆಯ ಗೋಡೆಯಲ್ಲಿ ಉಳಿಯುತ್ತದೆ. ಸಾಮಾನ್ಯ ಜನ ಅದನ್ನು ನೋಡುವುದು ಹೇಗೆ? ಚಿತ್ರಗಳನ್ನು ಅಚ್ಚು ಹಾಕಿಸಿ ಎಂದು ದಿವಾನರಾಗಿದ್ದ ಸರ್ ಟಿ. ಮಾಧವರಾವ್ ಮೊದಲೇ ಸಲಹೆ ಕೊಟ್ಟಿದ್ದರು. 1894ರಲ್ಲಿ ರವಿವರ್ಮರು ಬೊಂಬಾಯಿಯಲ್ಲಿ ಜರ್ಮನಿಯ ಯಂತ್ರಗಳನ್ನು ತರಿಸಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದರ ಮೇಲೊಂದು ಬಣ್ಣ ಒತ್ತಿ ಇಡೀ ಚಿತ್ರ ಮಾಡುತ್ತಿದ್ದರು. ಹೀಗೆ ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿಯರ ಚಿತ್ರಗಳು ಕಡಿಮೆ ಬೆಲೆಗೆ ಮನೆ ಮನೆ ಸೇರಿದವು. ನಮ್ಮ ಮೂಡಿಗೆರೆ, ಕಳಸದ ಕಡೆ ಹಳೆಯ ತೋಟದ ಮನೆಗಳಲ್ಲಿ, ಅಂಗಡಿಗಳಲ್ಲಿ, ನನ್ನ ಸ್ನೇಹಿತರ ದೇವರ ಕೋಣೆಗಳಲ್ಲಿ ಈಗಲೂ ಕಾಣುವ ಕ್ಯಾಲೆಂಡರ್ ಚಿತ್ರಗಳು ಅದೇ ದಾರಿಯಲ್ಲಿ ಬಂದವು. ಆದರೆ ವ್ಯಾಪಾರವಾಗಿ ಮುದ್ರಣಾಲಯ ಗೆಲ್ಲಲಿಲ್ಲ. ಬೊಂಬಾಯಿಗೆ ಪ್ಲೇಗ್ ಬಂತು, ಸಾಲ ಬೆಳೆಯಿತು. 1899ರಲ್ಲಿ ಅದನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಿದರು. ಕೊನೆಗೆ ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಕರ್ ಅವರಿಗೆ ಮಾರಿಬಿಟ್ಟರು. ಮುಂದೆ ಭಾರತೀಯ ಸಿನಿಮಾದ ಪಿತಾಮಹ ಎನಿಸಿದ ದಾದಾಸಾಹೇಬ್ ಫಾಲ್ಕೆಯವರೂ ಆ ಮುದ್ರಣಾಲಯದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದವರು.

ಅಚ್ಚಿನಿಂದ ಲಾಭವೂ ಆಯಿತು, ನಷ್ಟವೂ ಆಯಿತು ಎಂದು ನನಗನ್ನಿಸುತ್ತದೆ. ಚಿತ್ರ ಎಲ್ಲರಿಗೂ ಸಿಕ್ಕಿತು. ಆದರೆ ಕಲ್ಲಿನಿಂದ ಕಲ್ಲಿಗೆ ಹೋಗುವಾಗ ಸೀರೆ, ಒಡವೆ, ಕಿರೀಟ ಉಳಿದವು, ಕಣ್ಣಿನ ಕೆಳಗಿನ ಆ ತೆಳುವಾದ ನೆರಳು ಉಳಿಯಲಿಲ್ಲ. ಕ್ಯಾಲೆಂಡರಿನಲ್ಲಿ ಮಾತ್ರ ರವಿವರ್ಮರನ್ನು ನೋಡಿದವರು ಅವರನ್ನು ಅರ್ಧ ಮಾತ್ರ ನೋಡಿದಂತೆ. ನಂತರ ಬಂದ ಕೆಲವು ವಿಮರ್ಶಕರು ಅವರ ಚಿತ್ರಗಳು ನಾಟಕದ ದೃಶ್ಯದಂತಿವೆ, ಪಶ್ಚಿಮದ ಅನುಕರಣೆ ಎಂದು ಟೀಕಿಸಿದರು. ಪುರಾಣದ ಚಿತ್ರಗಳ ಬಗ್ಗೆ ಆ ಮಾತು ಸ್ವಲ್ಪ ನಿಜವಿರಬಹುದು. ಆದರೆ ಅವರು ಬರೆದ ಜೀವಂತ ಮನುಷ್ಯರ ಮುಂದೆ ನಿಂತರೆ ಆ ಟೀಕೆ ನೆನಪಾಗುವುದಿಲ್ಲ.

1904ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಎ-ಹಿಂದ್ ಚಿನ್ನದ ಪದಕ ಕೊಟ್ಟಿತು. ಮರುವರ್ಷ, 1905ರಲ್ಲಿ, ತಮ್ಮ ರಾಜರಾಜ ವರ್ಮ ತೀರಿಕೊಂಡರು. ಜೀವನವಿಡೀ ಪಕ್ಕದಲ್ಲಿದ್ದ ತಮ್ಮನನ್ನು ಕಳೆದುಕೊಂಡ ಮೇಲೆ ರವಿವರ್ಮರು ಮೊದಲಿನಂತೆ ಆಗಲಿಲ್ಲ. ಸಕ್ಕರೆ ಕಾಯಿಲೆಯೂ ಹಿಂಡುತ್ತಿತ್ತು. ಆದರೂ ಮೈಸೂರು ಅರಮನೆಗೆ ಒಪ್ಪಿಕೊಂಡಿದ್ದ ಪುರಾಣದ ಚಿತ್ರಗಳ ಕೆಲಸವನ್ನು ಮಾಡಿದರು. 1906ರ ಅಕ್ಟೋಬರ್ 2ರಂದು, ಹುಟ್ಟಿದ ಕಿಳಿಮಾನೂರಿನಲ್ಲೇ, 58ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಪ್ರವಾಸದಿಂದ ಬಂದ ಮೇಲೆ ನಾನು ದಾದಾ ಗುರುತಿನ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ದಾದಿಯ ಮುಂದೆ ಇಟ್ಟೆ. ದಾದಾ ಯಾವಾಗಲೂ ಹೀಗೆಯೇ ಸಿಟ್ಟಿನಲ್ಲಿ ಇರುತ್ತಿದ್ದರೇ ಎಂದು ಕೇಳಿದೆ. ದಾದಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಫೋಟೋ ತೆಗೆಯುವ ದಿನ ಉದ್ದನೆಯ ಸಾಲಿತ್ತಂತೆ, ಬಿಸಿಲಿತ್ತಂತೆ, ಕ್ಯಾಮೆರಾದವನು ನಗಬೇಡಿ, ಅಲುಗಾಡಬೇಡಿ ಎಂದು ಎರಡು ಸಲ ಗದರಿದ್ದನಂತೆ. ದಾದಾ ಕಳಸದಲ್ಲಿ ಕಾಳುಮೆಣಸು, ಏಲಕ್ಕಿ, ಅಡಿಕೆ ಕೊಳ್ಳುವ ಚಿಕ್ಕ ಅಂಗಡಿ ಇಟ್ಟಿದ್ದರು. ತೂಕ ಮಾಡುವಾಗ ಅವರು ತಕ್ಕಡಿಯ ಮುಳ್ಳನ್ನು ನೋಡುವುದಕ್ಕಿಂತ ಮೊದಲು ಮೂಟೆ ಹೊತ್ತು ತಂದವನ ಮುಖ ನೋಡುತ್ತಿದ್ದರಂತೆ. ಮಳೆಯಲ್ಲಿ ನೆನೆದು ಬಂದವನಿಗೆ ಮೊದಲು ಚಹಾ, ಆಮೇಲೆ ಲೆಕ್ಕ. ಮುಳ್ಳು ನಿಲ್ಲುವವರೆಗೂ ಏನೋ ಗುನುಗುತ್ತ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ದಾದಿ ಒಂದು ಸಲವೂ ಆ ಫೋಟೋ ನೋಡಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದರು.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಬಂದರೂ ನಮ್ಮ ಮನೆಯ ಗೋಡೆಗೆ ಅದನ್ನು ಹಾಕುವಂತಿಲ್ಲ, ಅದರ ಬಗ್ಗೆ ನನಗೆ ಬೇಸರವೂ ಇಲ್ಲ. ಆದರೆ ಸ್ನೇಹಿತರೇ, ನಿಮ್ಮ ಮನೆಯಲ್ಲೂ ಒಂದು ಹಳೆಯ ಫೋಟೋ ಇರಬಹುದು. ಅದರಲ್ಲಿ ಇರುವವರನ್ನು ಕಣ್ಣಾರೆ ಕಂಡವರು ಇನ್ನೂ ಮನೆಯಲ್ಲಿದ್ದರೆ, ಈ ರಜೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ಕೇಳಿ. ಕೈ ಹೇಗಿತ್ತು, ಕಣ್ಣು ಎಲ್ಲಿ ನೋಡುತ್ತಿತ್ತು, ಏನು ಗುನುಗುತ್ತಿದ್ದರು ಎಂದು ಕೇಳಿ. ರವಿವರ್ಮರು ಜೆನ್ಸನ್ ಪಕ್ಕದಲ್ಲಿ ನಿಂತು ನೋಡಿದ ಹಾಗೆ ಸುಮ್ಮನೆ ಗಮನವಿಟ್ಟು ಕೇಳಿ. ನಾನು ಕೇಳಿದ್ದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಗುರುತಿನ ಚೀಟಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ.